ಅವ್ವನ ಕಿವಿಗೆ ಬಂದ ಚಿಕ್ಕವ್ವ

ಇಚಲಕರಂಜಿಯ ನಮ್ಮ ಮನೆಯಲ್ಲಿ ಮಗ್ಗದ ಶೆಡ್ಡು ಅಡುಗೆಮನೆಯ ಗೋಡೆಗೇ ಅಂಟಿಕೊಂಡಿದೆ. ಕರೆಂಟಿನ ಮಗ್ಗಗಳ ಗದ್ದಲದಲ್ಲಿ ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಅದಕ್ಕೇ ಶೆಡ್ಡಿನಲ್ಲಿ ನಾವು ದನಿ ತೆಗೆಯದೆ ಬರೀ ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಈ ವಿದ್ಯೆಯಲ್ಲಿ ಅವ್ವನನ್ನು ಮೀರಿಸಿದವರಿಲ್ಲ. ಮರಾಠಿಯಲ್ಲಿ ಬೈದರೂ ಕನ್ನಡದಲ್ಲಿ ಬೈದರೂ ಶೆಡ್ಡಿನ ಆ ತುದಿಯಿಂದಲೇ ಹಿಡಿಯುತ್ತಾಳೆ.

ಹೀಗಾಗಿ ಅವಳ ಕಿವಿ ಮಂದವಾದದ್ದು ನಮಗೆ ತಡವಾಗಿ ಗೊತ್ತಾಯಿತು. ಗೊತ್ತು ಮಾಡಿಸಿದ್ದು ಫೋನು. ಫೋನಿಗೆ ತುಟಿ ಇಲ್ಲವಲ್ಲ. ಅವ್ವನ ಒಬ್ಬಳೇ ತಂಗಿ, ಗಡಹಿಂಗ್ಲಜದ ಚಿಕ್ಕವ್ವ, ಫೋನು ಮಾಡಿದರೆ ನಾನು ಕೇಳಿಸಿಕೊಂಡು ಅವ್ವನಿಗೆ ದಾಟಿಸಬೇಕಾಯಿತು. ಕೆಲವು ವರ್ಷ ಹೀಗೇ ನಡೆಯಿತು. ಚಿಕ್ಕವ್ವನದು ಯಾವಾಗಲೂ ಒಂದೇ ಸುದ್ದಿ: ಎಲ್ಲ ಆರಾಮ, ಕಬ್ಬು ಚೆನ್ನಾಗಿದೆ.

"ಆಕಿ ಇಷ್ಟಕ್ಕ ಸುಮ್ಮನಾಗಾಕಿ ಅಲ್ಲ. ನಡುವ ನೀನ ನುಂಗಾಕತ್ತಿ," ಎನ್ನುತ್ತಿದ್ದಳು ಅವ್ವ. ನನಗೆ ಮೈ ಉರಿಯುತ್ತಿತ್ತು.

ಕಳೆದ ವರ್ಷ ಕೊಲ್ಹಾಪುರದಲ್ಲಿ ಬ್ಲೂಟೂತ್ ಇರುವ ಕಿವಿಯ ಮಿಷನ್ ಕೊಂಡೆವು. ಅದರ ಬ್ಯಾಟರಿ ಹುಣಸೆಬೀಜಕ್ಕಿಂತ ಚಿಕ್ಕದು. ಅಷ್ಟರಲ್ಲೇ ಅದು ಸೊಂಟದಲ್ಲಿರುವ ಫೋನಿನ ಮಾತನ್ನು ತಂತಿಯಿಲ್ಲದೆ ಕಿವಿಗೆ ಮುಟ್ಟಿಸುತ್ತದೆ. ನಮ್ಮ ಮಗ್ಗಗಳು ತಿನ್ನುವ ಕರೆಂಟು ನೆನೆದರೆ ಇದಕ್ಕೆ ಕೈಮುಗಿಯಬೇಕೆನಿಸುತ್ತದೆ. ಫೋನು ಅಡುಗೆಮನೆಯಲ್ಲಿ ಬಿಟ್ಟು ಬೀದಿಗೆ ಹೋದರೆ ದೂರ ಹೆಚ್ಚಾಗಿ ಫೋನಿನ ಮಾತು ತಾನೇ ನಿಲ್ಲುತ್ತದೆ. ಊರಿಗೆಲ್ಲ ಸಾರುವ ಚಟ ಅದಕ್ಕಿಲ್ಲ.

ಚಿಕ್ಕವ್ವನ ಮೊದಲ ಕರೆ ಬಂದಾಗ ಅವ್ವ ಶೆಡ್ಡಿನಲ್ಲಿದ್ದಳು. ಅಷ್ಟು ಸಪ್ಪಳದ ನಡುವೆಯೂ ತಂಗಿಯ ದನಿ ನೇರ ಕಿವಿಯೊಳಗೆ ಬಂದಿತು. ಅವ್ವನ ಮುಖ ಅರಳಿತು, ತುಟಿ ಭರದಿಂದ ಆಡತೊಡಗಿತು. ಸ್ವಲ್ಪ ಹೊತ್ತಿಗೆ ನನ್ನ ಫೋನು ನಡುಗಿತು. ಹೊರಗೆ ಬಂದು ಎತ್ತಿದರೆ ಚಿಕ್ಕವ್ವ.

"ಅಕ್ಕ ನನ್ನ ಮ್ಯಾಲ ಸಿಟ್ಟಾಗ್ಯಾಳೇನಪಾ? ಮಗ್ಗದ ಸಪ್ಪಳ ಬಿಟ್ರ ಒಂದ ಮಾತಿಲ್ಲ."

ಅವ್ವ ರೂಢಿಯಂತೆ ದನಿಯೇ ತೆಗೆಯದೆ ಉತ್ತರ ಕೊಟ್ಟಿದ್ದಳು. ತಿಳಿಸಿದಾಗ ನಾನು ನಕ್ಕೆ, ಅವಳು ನಗಲಿಲ್ಲ. ಮಗ್ಗಗಳನ್ನೆಲ್ಲ ನಿಲ್ಲಿಸಲು ಹೇಳಿದಳು. ಕರೆಂಟು ಹೋದಾಗಲ್ಲದೆ ನಿಲ್ಲದ ಮಗ್ಗಗಳು ನಿಂತವು. ನನ್ನನ್ನು ಅಂಗಳಕ್ಕೆ ಕಳಿಸಿ, ತಂಗಿಗೆ ತಾನೇ ಫೋನು ಹಚ್ಚಿದಳು.

"ಈಗ ಹೇಳ. ನಡುವ ಯಾರೂ ಇಲ್ಲ."

ಬಹಳ ಹೊತ್ತು ಬರೀ ಹೂಂ, ಹೂಂ ಎಂದಳು. ಕಿಟಕಿಯಿಂದ ನೋಡಿದರೆ ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷ ನನ್ನ ಬಾಯಿಗೆ ಕೊಡಲಾರದೆ ಚಿಕ್ಕವ್ವ ಇಟ್ಟುಕೊಂಡದ್ದು ಈಗ ಬರುತ್ತಿದೆಯೆಂದು ನನಗೆ ತಿಳಿಯಿತು. ಖುಷಿಯಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಕೊನೆಗೆ ಅವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಮಾತಾಡತೊಡಗಿದಳು. ಕಿಟಕಿಯಲ್ಲಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ತಕ್ಷಣ ಸೆರಗಿನಿಂದ ತುಟಿ ಮುಚ್ಚಿಕೊಂಡಳು.