ತಗಡಿನ ಮೇಲಿನ ಬೀಗರು

ತಿಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ತಗಡು ಹೊದಿಸುವವನು ಎಂದೂ ಬಿಸಿಲನ್ನು ಬೈದವನಲ್ಲ. “ಬಿಸಲು ಬೀಗರಿದ್ದಂಗರಿ ಅಕ್ಕಾರ, ಮರ್ಯಾದಿ ಮಾಡೇ ಕಳಸಬೇಕು” ಎನ್ನುತ್ತಿದ್ದ. ಕಾದ ತಗಡಿನ ಮೇಲೆ ಹಸಿ ಗೋಣಿಚೀಲ ಹಾಸಿ, ಅದರ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕೆಲಸ ಮಾಡುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಬಿರುಗಾಳಿ ಹಾನಗಲ್ಲಿನ ನಮ್ಮ ಮನೆಯ ತಗಡು ಕಿತ್ತೊಯ್ದಿತ್ತು. ಒಳಗೆ ಬಾಣಂತಿ ಮಗಳು, ಎಳೆಗೂಸು. ಮರುದಿನ ಉರಿಬಿಸಿಲಲ್ಲೇ ಅವನು ಮಾಡು ಹತ್ತಿದ. ಇನ್ನೊಂದೇ ತಗಡು ಉಳಿದಿದೆ ಎನ್ನುವಾಗ ಪಡುವಣಕ್ಕೆ ಕರಿಮೋಡ ಎದ್ದಿತು! ಗೋಣಿಚೀಲ ಒಣಗಿತ್ತು, ನಳ ನಿಂತಿತ್ತು. ಕುಡಿಯುವ ನೀರು ಬಿಟ್ಟರೆ ಶಿವನ ಪೂಜೆಗೆ ತುಂಬಿಟ್ಟ ಕೊಡವೊಂದೇ ಇತ್ತು. ಅದನ್ನೇ ಎತ್ತಿಕೊಟ್ಟೆ.

“ದೇವರ ನೀರು ಬ್ಯಾಡ್ರಿ ಅಕ್ಕಾರ, ಕಾಲು ಸುಟ್ರ ಸುಡ್ಲಿ!”

“ದೇವರು ನೆಳ್ಳಾಗ ಕುಂತಾನ. ನೀ ಮೊದಲ ಚೀಲಾ ತೊಯ್ಸೋ ತಮ್ಮಾ!”

ಒಂದು ಹನಿಯನ್ನು ಕಣ್ಣಿಗೊತ್ತಿಕೊಂಡು, ಉಳಿದದ್ದನ್ನು ಚೀಲಕ್ಕೆ ಸುರಿದ. ಕೊನೆಯ ಬೋಲ್ಟು ಬಿಗಿಯುತ್ತಿದ್ದಂತೆ ತಗಡಿನ ಮೇಲೆ ದಪ್ಪ ಹನಿಗಳು ಪಟಪಟ ಬಿದ್ದವು. ಏಣಿಯ ಮೇಲಿಂದಲೇ ಕೂಗಿದ:

“ಅಕ್ಕಾರ! ಬೀಗರು ಹ್ವಾದ್ರು, ಬೀಗತ್ಯಾರು ಬಂದ್ರು!”

ಒಳಗೆ ಕೂಸಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಖಾಲಿ ಕೊಡವನ್ನು ತಗಡಿನಂಚಿನ ಕೆಳಗಿಟ್ಟು ಕೈಮುಗಿದೆ. ಶಿವ ತನ್ನ ನೀರನ್ನು ತಾನೇ ತುಂಬಿಕೊಳ್ಳತೊಡಗಿದ.