ಒಂದು ಶಹಬ್ಬಾಸ್‌ಗೆ ಎಷ್ಟು ಪವರ್ ಬೇಕು

ಹೊಸ ಆಂಪ್ಲಿಫೈಯರ್ ಕಾದಾಗ ಒಂದು ವಾಸನೆ ಬರುತ್ತದೆ, ಇಸ್ತ್ರಿಪೆಟ್ಟಿಗೆಯ ತಳದ ವಾಸನೆ. ನವನಗರದ ನಮ್ಮ ಮನೆಯಲ್ಲಿ ಈಗ ದಿನವೂ ಅದೇ. ಹೆಂಡತಿ ಕಿಟಕಿ ತೆರೆಯುತ್ತಾಳೆ, ನಾನು ಮುಚ್ಚುತ್ತೇನೆ. ಹೊರಗಿನ ಸದ್ದು ಒಳಗೆ ಬರಬಾರದಲ್ಲ.

ಹೆಡ್‌ಫೋನ್‌ಗೆ ಸದ್ದು ಹೆಚ್ಚಿಸುವ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಎಂದು ನೀವು ಕೇಳಬಹುದು. ಇಳಕಲ್ಲಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಲ್ಲಣ್ಣನ ಹತ್ತಿರ ಒಂದಿದೆ, ಅದಕ್ಕೆ. ಅವನದಕ್ಕಿಂತ ನನ್ನದು ದೊಡ್ಡದಿರಬೇಕಿತ್ತು. ಹೊಟ್ಟೆಕಿಚ್ಚು ಎನ್ನಿ, ಬೇಜಾರಿಲ್ಲ.

ಚಿಕ್ಕವರಿದ್ದಾಗ ಹುನಗುಂದದಲ್ಲಿ ಇಬ್ಬರೂ ಒಬ್ಬರೇ ಮಾಸ್ತರರ ಹತ್ತಿರ ವಚನ ಹಾಡಲು ಕಲಿತೆವು. ಮೊದಲು ಸೇರಿದವನು ನಾನು. ಅವನು ಮಾಸ್ತರರ ಮನೆಯ ಚುರುಮುರಿ ಆಸೆಗೆ ನನ್ನ ಬೆನ್ನು ಹತ್ತಿ ಬಂದವನು. ನೋಡನೋಡುತ್ತ ನನ್ನನ್ನು ದಾಟಿ ಹೋದ. ಮನೆಗೆ ಯಾರೇ ಬರಲಿ, "ಮಲ್ಲೂನ ಕರೀರಿ, ಹಾಡ್ತಾನ" ಎನ್ನುತ್ತಿದ್ದರು. ನಾನು ಹಾರ್ಮೋನಿಯಂ ಹೊತ್ತು ತರುತ್ತಿದ್ದೆ.

ಆಗಿನ ಒಂದು ಕ್ಯಾಸೆಟ್ಟನ್ನು ಅವನು ಈಚೆಗೆ ಮೊಬೈಲಿಗೆ ಇಳಿಸಿ ನನಗೂ ಕಳಿಸಿದ. ಸ್ಪೀಕರಿನಲ್ಲಿಟ್ಟು ಕೇಳಿದೆ. ಮೊದಲು ಅವನ ಹಾಡು. ಮುಗಿದೊಡನೆ ಮಾಸ್ತರರ ಶಹಬ್ಬಾಸ್, ಗಟ್ಟಿಯಾಗಿ. ನಂತರ ನನ್ನದು. ಮುಗಿದ ಮೇಲೆ ಬರೀ ಟೇಪಿನ ಸರಸರ, ಅದರಡಿ ಯಾರೋ ಮೆಲ್ಲಗೆ ಏನೋ ಅಂದಂತೆ. ನನ್ನ ಪಾಲಿನ ಶಹಬ್ಬಾಸ್ ಇದ್ದರೆ ಅಲ್ಲೇ ಇರಬೇಕು. ಮಾಸ್ತರರು ತೀರಿಕೊಂಡು ವರ್ಷಗಳಾದವು, ಇನ್ನು ಯಾರನ್ನು ಕೇಳಲಿ?

ಅದಕ್ಕೇ ಹೆಡ್‌ಫೋನ್ ತಂದೆ, ಈ ಪೆಟ್ಟಿಗೆಯನ್ನೂ ತಂದೆ. ಆದರೆ ಗುಂಡಿ ತುಸು ತಿರುವಿದರೂ ಕಿವಿಯಲ್ಲಿ ಬುಸ್ ಎನ್ನುತ್ತಿತ್ತು. ಹಲ್ಲು ಕಚ್ಚಿ ಮಲ್ಲಣ್ಣನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ನಂದು ಭಾರಿ ಹೆಡ್‌ಫೋನ್, ಅದಕ್ಕ ಪವರ್ ಬೇಕು," ಎಂದ. "ನಿಂದು ಭಾಳ ಸೂಕ್ಷ್ಮ ಐತಿ. ಚೂರು ಕೊಟ್ರೂ ಹಾಡತೈತಿ. ಮೊಬೈಲ್ ಸಾಕಲೇ ಅದಕ್ಕ."

"ಅಂದ್ರ ನಿಂದು ದೊಡ್ಡದು, ನಂದು ಸಣ್ಣದು. ಹೌದಲ್ಲೊ?"

"ಹಂಗಲ್ಲಲೇ. ಅಷ್ಟು ದೊಡ್ಡ ಆಂಪ್ ಹಚ್ಚಿದ್ರ ಅದರ ಸದ್ದ ನಿನ್ನ ಕಿವಿ ತುಂಬತೈತಿ."

"ಚೂರು ಕೊಟ್ರ ಕೂಗೂದು ಥೇಟ್ ನಿಮ್ಹಂಗ ಐತಿ ಬಿಡ್ರಿ," ಎಂದು ಹೆಂಡತಿ ಒಳಗಿನಿಂದ ಸೇರಿಸಿದಳು. ನಾನು ಪೆಟ್ಟಿಗೆಯನ್ನೇ ನಂಬಿ ಕುಳಿತೆ.

ನಿನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಬೇರೆ ದಾರಿ ಕಾಣದೆ ಹೆಡ್‌ಫೋನ್ ತಂತಿಯನ್ನು ಸೀದಾ ಮೊಬೈಲಿಗೆ ಚುಚ್ಚಿದೆ. ಬುಸ್ ಇಲ್ಲವೇ ಇಲ್ಲ. ನನ್ನ ಹಾಡು ಮುಗಿಯಿತು. ಆಮೇಲೆ ಆ ಮಾತು ಕೇಳಿಸಿತು. ಮಾಸ್ತರರದಲ್ಲ, ಎಳೆಯ ದನಿ, ಮಲ್ಲಣ್ಣನದು.

"ಮಾಸ್ತರ್ರ, ಅವಂಗೂ ಒಂದು ಶಹಬ್ಬಾಸ್ ಅನ್ರಿ."

ಅಲ್ಲಿಗೆ ಟೇಪ್ ಮುಗಿದಿತ್ತು.

ಕಣ್ಣು ತುಂಬಬೇಕಿತ್ತು, ಹೊಟ್ಟೆ ಉರಿಯಿತು. ಹಾಡಿನಲ್ಲಿ ಗೆದ್ದವನು ಒಳ್ಳೆಯತನದಲ್ಲಾದರೂ ನನಗೆ ತುಸು ಜಾಗ ಬಿಡಬಾರದಿತ್ತೇ? ಫೋನ್ ಹಚ್ಚಿದೆ.

"ಆಮ್ಯಾಲೆ ಮಾಸ್ತರ್ ಏನಂದ್ರು?"

"ಕಡೀಕೂ ನಿನಗದು ಕೇಳಿಸ್ತು ಅನ್ನು," ಎಂದ ಮಲ್ಲಣ್ಣ. "'ನೀನ ಅನ್ನು ಅವಂಗ' ಅಂದ್ರು."

"ಮತ್ತ ನೀ ಯಾಕ ಅನ್ನಲಿಲ್ಲ?"

"ನಾ ಅಂದಿದ್ರ ನೀ ತಗೋತಿದ್ದೇನಲೇ?"

"ಈಗ ಅನ್ನು," ಎಂದೆ.