ಮ್ಯಾಗ್ಡಲಿನ್ ರಾಣಿಯಾದದ್ದು

ಕೂತಲ್ಲಿ ಕೂರುವ ಜೀವವೇ ಅಲ್ಲ ಅದು. ದೋಹಾದಲ್ಲಿ ನಾನು ಕಂಡ ಮ್ಯಾಗ್ಡಲಿನ್ ಒಂದೋ ನಡೆಯುತ್ತಿರುತ್ತಿದ್ದಳು, ಇಲ್ಲವೇ ಹಾಡುತ್ತಿರುತ್ತಿದ್ದಳು, ಬಹಳ ಸಲ ಎರಡನ್ನೂ ಒಟ್ಟಿಗೆ. ತೊಂಬತ್ತೆರಡನೇ ಇಸವಿಯಲ್ಲಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ರಾಮಸ್ವಾಮಿ ಎಂಜಿನಿಯರರ ಫ್ಲಾಟಿಗೆ ಮಗು ನೋಡಿಕೊಳ್ಳಲು ಬಂದವಳು. ಊರು ಹಳಿಯಾಳದ ಹತ್ತಿರ. ಸಿದ್ದಿಯವಳು, ಅಂದರೆ ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಜನರ ಕುಲ. ಗುಂಗುರು ಕೂದಲು, ಕಪ್ಪು ಬಣ್ಣ. ಅಲ್ಲಿಯ ಮಂಗಳೂರಿನ ಅಂಗಡಿಯವನೂ ಅವಳನ್ನು ಸುಡಾನಿನವಳೆಂದು ತಿಳಿದು ಅರಬ್ಬಿಯಲ್ಲಿ ಮಾತಾಡಿಸಿದ. "ಕೊತ್ತಂಬ್ರಿ ತಾಜಾ ಐತೇನ್ರಿ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದಳಂತೆ.

ನಾನು ಸಂಕಪ್ಪ. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವನು. ಶುಕ್ರವಾರಗಳಲ್ಲಿ ಕನ್ನಡ ಸಂಘದ ನಾಟಕಗಳಿಗೆ ಮೇಕಪ್ ಮಾಡುತ್ತಿದ್ದೆ. ಊರಲ್ಲಿ ಯಕ್ಷಗಾನದ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಕಲಿತವನೆಂಬ ಜಂಬ ನನಗೆ ಬೇಕಾದಷ್ಟಿತ್ತು. ಬಾಯಿಯೂ ಜೋರು.

ನಾಟಕ ಬರೆದು ಆಡಿಸುವವರು ಸಂಘದ ಕಾರ್ಯದರ್ಶಿ ಮುನಿಯಪ್ಪನವರು. ಯಜಮಾನರ ಮಗುವನ್ನು ಎತ್ತಿಕೊಂಡು ರಿಹರ್ಸಲಿಗೆ ಬಂದಿದ್ದ ಮ್ಯಾಗ್ಡಲಿನ್‌ಳನ್ನು ನೋಡಿ ಅವರು, "ರಾಕ್ಷಸಿ ಪಾರ್ಟ್ ಮಾಡ್ತೀಯೇನಮ್ಮಾ? ಸಂಕಪ್ಪನಿಗೆ ಬಣ್ಣ ಬಳಿಯೋ ಕೆಲಸ ಉಳೀತದೆ" ಎಂದರು. ಎಲ್ಲರೂ ನಕ್ಕೆವು. ನಾನು ತುಸು ಹೆಚ್ಚೇ ನಕ್ಕೆ. ಅವಳು ಮಗುವನ್ನು ಪಕ್ಕದವರ ತೊಡೆಗೆ ಹಾಕಿ, ಅಲ್ಲೇ ಎದ್ದು ನಿಂತು ಪಾರ್ಟ್ ಕೇಳಿದಳು. ಹಾಗೆ ಶುರುವಾಯಿತು. ಮೊದಲ ವರ್ಷ ರಾಕ್ಷಸಿ. ಮರುವರ್ಷ ಎರಡು ಮಾತಿನ ಸೇವಕಿ. ಆಮೇಲೆ ಪರದೆಯ ಹಿಂದೆ ಹಾಡು. ನಮ್ಮ ನಾಯಕಿ ಸ್ವರ್ಣಲತಾ ನೋಡಲು ಚೆಂದ, ಆದರೆ ಅವರಿಗೂ ಶ್ರುತಿಗೂ ಎಣ್ಣೆ ಸೀಗೆಕಾಯಿ. ಮುಂದೆ ಅವರು ಬಾಯಿ ಆಡಿಸಬೇಕು, ಹಿಂದೆ ಇವಳು ಹಾಡಬೇಕು. ಮೈಕ್ ಹಿಡಿದು ಅವಳು ಅತ್ತಿಂದಿತ್ತ ಓಡಾಡುವಾಗ ನಮ್ಮ ಕಾಲಿಗೆಲ್ಲ ವೈರು ಸುತ್ತಿಕೊಳ್ಳುತ್ತಿತ್ತು. "ಒಂದು ಕಡೆ ನಿಲ್ಲು ಮಾರಾಯ್ತಿ!" ಎಂದು ಎಷ್ಟು ಸಲ ಬೈದಿದ್ದೇನೋ.

ತೊಂಬತ್ತಾರರ ನಾಟಕದಲ್ಲಿ ಕೋಟೆ ಬಿಟ್ಟುಕೊಡದ ಒಬ್ಬ ರಾಣಿಯ ಕಥೆ. ಶಾಲೆಯೊಂದರ ಹಾಲ್ ನಿಗದಿಯಾಗಿತ್ತು, ಟಿಕೆಟ್ ಮಾರಿಯಾಗಿತ್ತು. ಹತ್ತು ದಿನವಿದೆ ಎನ್ನುವಾಗ ಬಸುರಿ ಸ್ವರ್ಣಲತಾಗೆ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದೆಂದರು. ಮುನಿಯಪ್ಪನವರು ತಲೆಮೇಲೆ ಕೈ ಹೊತ್ತು ಕೂತರು. ಮ್ಯಾಗ್ಡಲಿನ್ ಮಾತ್ರ ಅವರ ಎದುರಿಗೆ ಬಂದು ನಿಂತಳು.

"ಸರ್, ಪೂರಾ ಪಾರ್ಟ ನನಗ ಬರ್ತದ್ರಿ."

ಹೇಳಿ ತೋರಿಸಿದಳು. ಒಂದಕ್ಷರ ತಪ್ಪಲಿಲ್ಲ. ಮಗುವನ್ನು ಮಲಗಿಸುವಾಗ, ಪಾತ್ರೆ ತೊಳೆಯುವಾಗ ಅದನ್ನೇ ಹೇಳಿಕೊಂಡಿದ್ದಳಂತೆ. ಅವಳಿಗೆ ಆ ಪಾರ್ಟಿನ ಆಸೆ ಎಷ್ಟಿತ್ತೆಂದು ನಮಗೆ ಗೊತ್ತಾದದ್ದೇ ಅಂದು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ರಾಣಿ ಅಂದರೆ ಜನ ಒಪ್ಪಬೇಕಲ್ಲ, ಎಂದು ಯಾರೋ ಗೊಣಗಿದರು. ಆಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಎಂತ ಹೆದರುವುದು ಮಾರಾಯ್ರೆ? ಕಪ್ಪು ಲ್ಯಾಂಡ್ ಕ್ರೂಸರ್ ಗಾಡಿಯನ್ನು ಬಿಳಿ ಮಾಡುವವ ನಾನು. ಒಂದು ಮುಖ ದೊಡ್ಡದಾ?"

ಕಮಿಟಿ ಒಪ್ಪಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಕೊನೆಯ ರಿಹರ್ಸಲಿನ ದಿನ ಸಫೇದ ಎಂಬ ಬಿಳಿ ಪುಡಿಗೆ ಗುಲಾಬಿ ಬಣ್ಣ ಬೆರೆಸಿ ಎರಡು ಸಲ ಬಳಿದೆ. ಟ್ಯೂಬ್‌ಲೈಟಿನಲ್ಲಿ ಆ ಮುಖ ಒಲೆಯ ಬೂದಿಯಂತಾಯಿತು. ಕುತ್ತಿಗೆಯಿಂದ ಕೆಳಗೆ ಬೇರೆಯೇ ಹೆಂಗಸು. ಮ್ಯಾಗ್ಡಲಿನ್ ಕನ್ನಡಿ ನೋಡಿಕೊಂಡಳು. ರಂಗಕ್ಕೆ ಹೋಗಿ ಹಾಡಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಮೂರು ಸಲ ಯತ್ನಿಸಿದಳು. ಮುನಿಯಪ್ಪನವರು ಗಂಟಲು ಕೆಟ್ಟಿರಬೇಕೆಂದು ಬಿಸಿನೀರು ತರಿಸಿದರು. ನನಗೆ ಕಾರಣ ಗೊತ್ತಿತ್ತು, ಆದರೂ ಆ ಬಿಸಿನೀರಿನ ಲೋಟವನ್ನು ನಾನೇ ಅವಳ ಕೈಗಿಟ್ಟೆ. ಆ ವಾರ ಗ್ಯಾರೇಜಿನಲ್ಲಿ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಸುಮ್ಮಸುಮ್ಮನೆ ಎಲ್ಲರ ಮೇಲೂ ಹರಿಹಾಯ್ದೆ.

ನಾಟಕದ ಸಂಜೆ ಅವಳು ಬಂದವಳೇ ಹೇಳಿಬಿಟ್ಟಳು: "ಸಂಕಪ್ಪಣ್ಣ, ಬಿಳಿ ಹಚ್ಚಬ್ಯಾಡ್ರಿ. ಆ ಮುಖದಾಗ ನನಗ ಹಾಡಾಕ ಬರಂಗಿಲ್ಲ. ಹಚ್ಚೋದೇ ಅಂದ್ರ ಬ್ಯಾರೆ ರಾಣಿನ್ನ ಹುಡುಕ್ರಿ."

ಅವಳು ಹೆದರಿಸುತ್ತಿರಲಿಲ್ಲ. ಆ ಪಾರ್ಟಿಗಾಗಿ ಹಗಲಿರುಳು ಹಂಬಲಿಸಿದವಳು ಅದನ್ನೇ ಬಿಡಲು ತಯಾರಾಗಿ ಬಂದಿದ್ದಳು. ನಾನು ಪೆಟ್ಟಿಗೆ ತೆರೆದೆ. ಕಂದು, ಕಪ್ಪು, ಕೆಂಪು ಬಣ್ಣದ ಮೇಕಪ್ ಕಡ್ಡಿಗಳು ತಳದಲ್ಲಿದ್ದವು. ಅವನ್ನು ನಾನು ರಾಕ್ಷಸರಿಗಲ್ಲದೆ ಬೇರೆ ಯಾರಿಗೂ ಮುಟ್ಟಿಸಿರಲಿಲ್ಲ. ಯಾವ ಕಾರಿನ ಬಣ್ಣವನ್ನೂ ಕಣ್ಣಳತೆಯಲ್ಲಿ ಹೊಂದಿಸುವ ಕೈ ಅವಳ ಬಣ್ಣ ಹೊಂದಿಸಲು ಅರ್ಧ ಗಂಟೆ ತಡಕಾಡಿತು. ಕೊನೆಗೂ ಹೊಂದಿತು. ಕಣ್ಣಿಗೆ ಕಾಡಿಗೆ, ಕೆನ್ನೆಗೆ ತುಸು ಕೆಂಪು, ತಲೆಗೆ ಕಿರೀಟ. ಬಾಗಿಲಲ್ಲಿ ಮುನಿಯಪ್ಪನವರ ಕೂಗು ಕೇಳಿತು.

"ಏನ್ ಮಾಡ್ದೆ ಸಂಕಪ್ಪಾ! ನಿನ್ ಕೆಲ್ಸ ಇವತ್ತಿಗೆ ಖಲಾಸ್, ತಿಳ್ಕೋ!"

ಅಷ್ಟರಲ್ಲಿ ನಾಟಕದ ಗಂಟೆ ಬಾರಿಸಿದರು. ಅವಳು ರಂಗಕ್ಕೆ ಹೋಗಿಯಾಗಿತ್ತು.

ಪರದೆ ಎದ್ದೊಡನೆ ಮುಂದಿನ ಸಾಲುಗಳಲ್ಲಿ ನಗು. "ಏಯ್, ರಾಕ್ಷಸಿ ಬಂದ್ಲು ನೋಡ್ರೋ!" ಎಂದು ಯಾರೋ ಕೂಗಿದರು, ನಗು ಹಾಲ್ ತುಂಬಿತು. ಪರದೆಯ ಪಕ್ಕ ನಿಂತಿದ್ದ ನನಗೆ ನಾಚಿಕೆಯಾಯಿತು. ಆ ಬಣ್ಣ ಕಂಡರೆ ನಗಬೇಕೆಂದು ವರ್ಷವರ್ಷವೂ ಅವರಿಗೆ ಕಲಿಸಿದವನು ನಾನೇ.

ಎಂದೂ ಸುಮ್ಮನೆ ನಿಲ್ಲದವಳು ಸಿಂಹಾಸನದ ಮುಂದೆ ಅಲುಗಾಡದೆ ನಿಂತಳು. ನಗು ತಗ್ಗುವವರೆಗೆ ಕಾದಳು. ಆಮೇಲೆ ಮುನಿಯಪ್ಪನವರು ಬರೆಯದ ಮಾತೊಂದನ್ನು ಆಡಿದಳು.

"ನಗುವವರು ನಕ್ಕು ಮುಗಿಸಲಿ. ರಾಣಿಗೆ ಕಾಯಲು ಗೊತ್ತು."

ಹಾಲ್ ತಣ್ಣಗಾಯಿತು. ಅವಳು ಹಾಡಿದಳು. ಎರಡೂವರೆ ಗಂಟೆ ಒಬ್ಬರೂ ಎದ್ದುಹೋಗಲಿಲ್ಲ. ಕೋಟೆ ಬೀಳುವ ದೃಶ್ಯದಲ್ಲಿ, ನಕ್ಕವರೇ ಕರ್ಚೀಫು ತೆಗೆದರು.

ಮುಗಿದ ಮೇಲೆ ಕೊಬ್ಬರಿ ಎಣ್ಣೆಯಿಂದ ಅವಳ ಬಣ್ಣ ಒರೆಸುತ್ತ, "ನನ್ನಿಂದ ತಪ್ಪಾಯಿತು" ಎಂದೆ. ಅವಳ ಕಾಲು ಆಗಲೇ ಕುರ್ಚಿಯ ಕೆಳಗೆ ತಾಳ ಹಾಕತೊಡಗಿತ್ತು.

"ಅದಿರ್ಲಿ ಅಣ್ಣ. ಸ್ವರ್ಣಲತಾ ಅಕ್ಕಾರು ವಾಪಸ್ ಬಂದ ಮ್ಯಾಲೂ ನನಗ ರಾಣಿ ಪಾರ್ಟ ಕೊಡ್ತಾರೇನ್ರಿ?"

ಎಣ್ಣೆ ಹತ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಮಿಟಿಯವರು ಚಾ ಕುಡಿಯುತ್ತಿದ್ದಲ್ಲಿಗೆ ಹೋದೆ. ಬರುವ ವರ್ಷ ನಾಯಕಿ ಇವಳೇ ಆಗಬೇಕು, ಇಲ್ಲವೆಂದರೆ ಬಣ್ಣಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಮುನಿಯಪ್ಪನವರು ಕಪ್ ಕೆಳಗಿಟ್ಟರು.

ಮುಂದಿನ ವರ್ಷ ಅವರು ಬಣ್ಣಕ್ಕೆ ಬೇರೆಯವರನ್ನೇ ಹುಡುಕಿದರು. ನಾಯಕಿಗೆ ಮಾತ್ರ ಬೇರೆಯವರನ್ನು ಹುಡುಕಲಿಲ್ಲ, ಆ ಪಾರ್ಟ್ ಮ್ಯಾಗ್ಡಲಿನ್‌ಳದ್ದೇ ಆಯಿತು. ನಾನು ಟಿಕೆಟ್ ಕೊಂಡು ಮೂರನೆಯ ಸಾಲಿನಲ್ಲಿ ಕೂತೆ, ಅವಳು ಹಾಡುವುದನ್ನು ಮೊದಲ ಸಲ ಎದುರಿನಿಂದ ನೋಡಿದೆ.